ಕೋಲಾರದ ಆಳದಲ್ಲಿ ಆಕಮ್‌ನ ಕ್ಷೌರಕತ್ತಿ

ಕಾಮಸಮುದ್ರ, ಬಂಗಾರಪೇಟೆ ಸೀಮೆಯ ಜನರಿಗೆ ಕೆಜಿಎಫ್ ಅಂದರೆ ಚಿನ್ನ ಮತ್ತು ಸೈನೈಡ್ ದಿಬ್ಬ. 1980ರ ಕೊನೆಯಲ್ಲಿ ಅದೇ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಭೌತವಿಜ್ಞಾನಿಗಳು ಬೇರೆಯದೇ ಒಂದಕ್ಕೆ ಕಾದು ಕೂತಿದ್ದರು. 140 ಟನ್ ತೂಕದ ಉಪಕರಣ. ಕಬ್ಬಿಣದ ತಗಡುಗಳ ನಡುನಡುವೆ ಅನಿಲ ತುಂಬಿದ ಕೊಳವೆಗಳ ಸಾಲು. ಆ ಕಬ್ಬಿಣದೊಳಗೆ ಎಲ್ಲಾದರೂ ಒಂದು ಪ್ರೋಟಾನ್ ಒಡೆದರೆ ಕೊಳವೆಗಳಲ್ಲಿ ಅದರ ಜಾಡು ಮೂಡಬೇಕು.

ಪ್ರೋಟಾನ್ ಒಡೆಯುತ್ತದೆ ಎಂದದ್ದು ಜಾರ್ಜಿ ಮತ್ತು ಗ್ಲಾಶೋ 1974ರಲ್ಲಿ ಮಂಡಿಸಿದ ಸಿದ್ಧಾಂತ. ಪ್ರಕೃತಿಯ ಮೂರು ಬಲಗಳನ್ನು ಒಂದೇ ಚೌಕಟ್ಟಿಗೆ ತರುವ, ನೋಡಿದರೆ ಸಾಕು ಮನಸೋಲುವಷ್ಟು ಸರಳವಾದ ಲೆಕ್ಕ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳ ತಂಡಕ್ಕೆ ಒಂದೆರಡು ವರ್ಷಗಳಲ್ಲೇ ಬೇಕಾದಂಥ ಜಾಡುಗಳು ಕಂಡವು: ಉಪಕರಣದ ಒಳಗೇ ಹುಟ್ಟಿ ಒಳಗೇ ಮುಗಿದವು. ಹೊರಗಿನಿಂದ ಬಂದ ಕಣವಾಗಿದ್ದರೆ ಒಳನುಗ್ಗಿದ ಗುರುತು ಇರಬೇಕಲ್ಲ?

ಇರಬೇಕಾಗಿಲ್ಲ. ನ್ಯೂಟ್ರಿನೊ ಗುರುತು ಬಿಡದೆ ಒಳಬಂದು, ಕಬ್ಬಿಣದ ಪರಮಾಣುವಿಗೆ ಬಡಿದು, ಅಂಥದ್ದೇ ಜಾಡು ಮೂಡಿಸಬಲ್ಲದು. ಎಷ್ಟು ಆಳಕ್ಕೆ ಇಳಿದರೂ ಬಂಡೆ ಅದನ್ನು ತಡೆಯದು. ತಮಾಷೆಯೆಂದರೆ, ವಾತಾವರಣದಲ್ಲಿ ಹುಟ್ಟುವ ಈ ನ್ಯೂಟ್ರಿನೊಗಳನ್ನು 1965ರಲ್ಲಿ ಜಗತ್ತಿಗೆ ಮೊದಲು ತೋರಿಸಿದ ಎರಡು ಪ್ರಯೋಗಗಳಲ್ಲಿ ಒಂದು ನಡೆದದ್ದು ಇಲ್ಲೇ, ಚಾಂಪಿಯನ್ ರೀಫ್ ಗಣಿಯಲ್ಲಿ. ಇನ್ನೊಂದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ.

ಗೊತ್ತಿರುವ ಕಣವೇ ಸಾಲುವಾಗ ಹೊಸ ವಿದ್ಯಮಾನ ಏಕೆ? ಹದಿನಾಲ್ಕನೇ ಶತಮಾನದ ಇಂಗ್ಲಿಷ್ ಸನ್ಯಾಸಿ, ಆಕಮ್ ಊರಿನ ವಿಲಿಯಂ ಕೇಳುತ್ತಿದ್ದುದೂ ಇಂಥದ್ದೇ ಪ್ರಶ್ನೆ. ಅಗತ್ಯವಿಲ್ಲದೆ ವಸ್ತುಗಳನ್ನು ಹೆಚ್ಚಿಸಬೇಡ ಎಂಬ ಪ್ರಸಿದ್ಧ ಲ್ಯಾಟಿನ್ ವಾಕ್ಯ ಮಾತ್ರ ಅವನ ಬರಹಗಳಲ್ಲಿಲ್ಲ. ಅದು ಕಾಣಿಸಿಕೊಂಡದ್ದು ಹದಿನೇಳನೇ ಶತಮಾನದಲ್ಲಿ. ಈ ನಿಯಮಕ್ಕಿರುವ ಕ್ಷೌರಕತ್ತಿಯೆಂಬ ಹೆಸರೂ ಆ ಕಾಲದ್ದೇ. ನಮ್ಮ ನೈಯಾಯಿಕರೂ ಎರಡು ಕಲ್ಪನೆಗಳು ಸಮಸಮ ನಿಂತಾಗ ಲಾಘವವಿರುವುದನ್ನು ಆರಿಸಿಕೊಳ್ಳುತ್ತಿದ್ದರು.

ಆ ‘ಸಮಸಮ’ ಎಂಬುದನ್ನು ಜನ ಮರೆಯುತ್ತಾರೆ. ಸರಳವಾದದ್ದೇ ಸತ್ಯ ಎಂದು ಆಕಮ್ ಹೇಳಲಿಲ್ಲ. 1930ರಲ್ಲಿ ಪೌಲಿ ನ್ಯೂಟ್ರಿನೊ ಎಂಬ ಹೊಸ ಕಣವನ್ನೇ ಕಲ್ಪಿಸಿದ. ಬೀಟಾ ವಿಕಿರಣದಲ್ಲಿ ಶಕ್ತಿಯ ಲೆಕ್ಕ ತಪ್ಪುತ್ತಿತ್ತು. ಹೊಸ ಕಣ ಬೇಡ, ಶಕ್ತಿ ಸಂರಕ್ಷಣೆಯ ನಿಯಮವನ್ನೇ ಸಡಿಲಿಸೋಣ ಎಂಬ ಯೋಚನೆ ಬೋರ್‌ನದು. ಕಣಗಳ ಎಣಿಕೆಯಲ್ಲಿ ಬೋರ್‌ನ ದಾರಿ ಸರಳ. ಗೆದ್ದದ್ದು ಪೌಲಿ. ಅಗತ್ಯವಿದ್ದರೆ ಹೊಸದನ್ನು ಸೇರಿಸಲು ಕತ್ತಿಯ ತಕರಾರಿಲ್ಲ.

ಕೋಲಾರದ ಜಗಳವನ್ನೂ ಕತ್ತಿ ಬಗೆಹರಿಸಲಿಲ್ಲ. ಅದು ಹೇಳಬಲ್ಲದ್ದು ಇಷ್ಟೇ: ಸಾಬೀತುಪಡಿಸುವ ಹೊಣೆ ಪ್ರೋಟಾನ್ ಪಕ್ಷದವರದು. ಎರಡು ವಿವರಣೆಗಳೂ ಬೇರೆ ಬೇರೆ ಫಲವನ್ನು ಮುನ್ಸೂಚಿಸುವಾಗ ಅಳೆದು ನೋಡುವುದೇ ದಾರಿ. ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ ಸಾವಿರಾರು ಟನ್ ನೀರಿನ ತೊಟ್ಟಿ ಕಟ್ಟಿದವರು 1983ರಲ್ಲಿ ಹುಡುಕಿದ ಬಗೆಯ ಒಡೆತವೇ ಕಾಣಲಿಲ್ಲ ಎಂದರು. ಜಪಾನಿನ 50,000 ಟನ್ ನೀರಿನ ಸೂಪರ್ ಕಮಿಯೊಕಾಂಡೆಗೂ ಇಂದಿನವರೆಗೆ ಸಿಕ್ಕಿಲ್ಲ. ಕೋಲಾರದ ಜಾಡುಗಳು ನ್ಯೂಟ್ರಿನೊಗಳವೇ ಎಂಬುದು ಈಗಿನ ಸಾಮಾನ್ಯ ಅಭಿಪ್ರಾಯ. ಜೊತೆಗೆ ಜಾರ್ಜಿ–ಗ್ಲಾಶೋ ಅವರ ಆ ಚೆಂದದ ಸರಳ ಸಿದ್ಧಾಂತವೂ ಮೂಲ ರೂಪದಲ್ಲಿ ಉಳಿಯಲಿಲ್ಲ.

ಇನ್ನೊಂದು ಕಡತ ಮಾತ್ರ ಮುಚ್ಚಿಲ್ಲ. 1975ರಲ್ಲಿ ಇದೇ ಗಣಿಯ ತಂಡ ಕೆಲವು ವಿಚಿತ್ರ ಘಟನೆಗಳನ್ನು ವರದಿ ಮಾಡಿತ್ತು: ಹಲವು ಜಾಡುಗಳು ಬಂಡೆಯಲ್ಲಲ್ಲ, ಸುರಂಗದ ಗಾಳಿಯಲ್ಲೇ ಒಂದು ಬಿಂದುವಿನಿಂದ ಕವಲೊಡೆದಂತೆ ಕಂಡಿದ್ದವು. ಭಾರವಾದ ಹೊಸ ಕಣವಿರಬಹುದೆಂಬ ಊಹೆಯನ್ನು ವೇಗವರ್ಧಕಗಳ ಪ್ರಯೋಗಗಳು ದೃಢಪಡಿಸಲಿಲ್ಲ. ಹಾಗೆಂದು, ಗೊತ್ತಿರುವ ಕಣಗಳಿಂದಲೇ ಅವನ್ನು ಎಲ್ಲರೂ ಒಪ್ಪುವಂತೆ ವಿವರಿಸಿದವರೂ ಇಲ್ಲ. ಗಣಿ 2001ರಲ್ಲಿ ಮುಚ್ಚಿತು. 2014ರಲ್ಲಿ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಆ ಹಳೆಯ ದಾಖಲೆಗಳನ್ನು ಮತ್ತೆ ಕೆದಕಿ, ಕಪ್ಪುದ್ರವ್ಯದ ಕಣ ಒಡೆದಿರಬಹುದೇ ಎಂದು ಕೇಳಿದರು. ಪರೀಕ್ಷಿಸಲು ಅಷ್ಟು ಆಳದಲ್ಲಿ ಮತ್ತೊಂದು ಉಪಕರಣ ಬೇಕು. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ ಆಗಬೇಕಿದ್ದ ನ್ಯೂಟ್ರಿನೊ ವೀಕ್ಷಣಾಲಯ ವಿರೋಧ, ಮೊಕದ್ದಮೆಗಳ ನಡುವೆ ನಿಂತುಹೋಗಿದೆ.