ಕುತ್ತಿಗೆಯ ಆ ಕಪ್ಪು ಕೊಳೆಯಲ್ಲ!

“ಎಷ್ಟು ಉಜ್ಜಿದ್ರೂ ಕುತ್ತಿಗೆ ಕಪ್ಪು ಹೋಗ್ತಾ ಇಲ್ಲ, ಸರಿಯಾಗಿ ಸ್ನಾನನೇ ಮಾಡಲ್ಲ ಇವ್ನು” ಎಂದು ಮಗನನ್ನು ಬೈಯುವ ಉಮ್ಮಂದಿರು ನಮ್ಮ ಮನೆಗಳಲ್ಲಿದ್ದಾರೆ. ಆದರೆ ಆ ಕಪ್ಪು ಎಷ್ಟೋ ಸಲ ಕೊಳೆಯೇ ಅಲ್ಲ. ತೂಕ ಹೆಚ್ಚಿದ ಮಗುವಿನ ಕುತ್ತಿಗೆಯ ಹಿಂಭಾಗ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಸೂಚನೆ ಅದಾಗಿರಬಹುದು. ಸೋಪು ಬಿಟ್ಟು ಡಾಕ್ಟರ ಬಳಿ ಹೋಗಬೇಕಾದ ಹೊತ್ತು ಅದು.

ಕಾಫಿ ತೋಟಗಳ ಈ ಸೀಮೆಯಲ್ಲಿ ಮಕ್ಕಳ ಆರೋಗ್ಯ ಅಂದ ಕೂಡಲೇ ಲೈನ್ ಮನೆಗಳ ಬಡಕಲು ಮಕ್ಕಳು ನೆನಪಾಗುತ್ತಾರೆ. ಆ ಸಮಸ್ಯೆ ಇನ್ನೂ ಮುಗಿದಿಲ್ಲ. ಅದರ ಜೊತೆಗೇ ಇನ್ನೊಂದು ಶುರುವಾಗಿದೆ. 2024ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ, 1990ರಲ್ಲಿ ಭಾರತದಲ್ಲಿ 5ರಿಂದ 19 ವರ್ಷದವರ ಪೈಕಿ ಬೊಜ್ಜು ಇದ್ದವರು ಸುಮಾರು 4 ಲಕ್ಷ. 2022ರಲ್ಲಿ ಆ ಸಂಖ್ಯೆ 1.25 ಕೋಟಿ! ಜಗತ್ತಿನಲ್ಲಿ ಶಾಲಾ ವಯಸ್ಸಿನವರಲ್ಲಿ ತೂಕ ಕಡಿಮೆ ಇರುವವರಿಗಿಂತ ಬೊಜ್ಜು ಇರುವವರೇ ಹೆಚ್ಚಾಗಿದ್ದಾರೆ ಎಂದು ಯುನಿಸೆಫ್ 2025ರಲ್ಲಿ ಹೇಳಿದೆ. ದೊಡ್ಡವರ ಕಥೆಯೂ ಇದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಅಧಿಕ ತೂಕದವರು 2015-16ರಲ್ಲಿ ಶೇ.23 ಇದ್ದವರು 2019-21ಕ್ಕೆ ಶೇ.30 ಆದರು. ಮಕ್ಕಳು ತಿನ್ನೋದು ನಮ್ಮದೇ ಅಡುಗೆಮನೆಯಲ್ಲಿ ತಾನೇ?

ನಮ್ಮ ಮಕ್ಕಳ ದಿನಚರಿ ನೋಡಿ. ಬೆಳಗ್ಗೆ ಏಳಕ್ಕೆ ಮದ್ರಸ. ಗಡಿಬಿಡಿಯಲ್ಲಿ ಸಕ್ಕರೆ ಹಾಕಿದ ಚಹಾ, ಎರಡು ಬಿಸ್ಕತ್ತು. ಅಲ್ಲಿಂದ ಬಂದು ಓಡಿ ಸ್ಕೂಲ್ ವ್ಯಾನ್ ಹತ್ತಬೇಕು. ಸಂಜೆ ಬರುವಾಗ ಬೇಕರಿಯ ಪಫ್ಸ್, ಆಮೇಲೆ ಟ್ಯೂಷನ್, ಮತ್ತೆ ಮೊಬೈಲ್. ಮೂಡಿಗೆರೆ, ಕಳಸದ ಮಳೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನಕ್ಕಿಳಿಯುವ ಮಾತೇ ಇಲ್ಲ. ತೋಟದ ದಾರಿಯಲ್ಲಿ ನಡೆದು ಹೋಗಲಿ ಅಂದ್ರೆ ಆನೆ ಭಯ. ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ ಚಾಕಲೇಟು. “ಮಗು ದುಂಡಗಿದ್ರೆ ಚಂದ” ಎನ್ನುವ ಅಜ್ಜಿಯ ಪ್ರೀತಿ ಬೇರೆ. ತಪ್ಪು ಒಬ್ಬರದ್ದಲ್ಲ, ಎಲ್ಲ ಸೇರಿ ತೂಕ ಏರುತ್ತದೆ.

ಹಾಗಾದರೆ ಗೊತ್ತಾಗೋದು ಹೇಗೆ? ಮಗುವಿನ ತೂಕವನ್ನು (ಕೆ.ಜಿ.) ಎತ್ತರದಿಂದ (ಮೀಟರ್) ಎರಡು ಸಲ ಭಾಗಿಸಿ. ಎಂಟು ವರ್ಷದ ಹುಡುಗ 125 ಸೆಂ.ಮೀ. ಎತ್ತರ, 32 ಕೆ.ಜಿ. ತೂಕ ಇದ್ದರೆ ಸಿಗುವ ಸಂಖ್ಯೆ 20.5. ದೊಡ್ಡವರಿಗೆ ಇದು ಸರಿಯಾದ ತೂಕ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಂತೆ ಎಂಟು ವರ್ಷದ ಹುಡುಗನಿಗೆ 19.7 ದಾಟಿದರೆ ಬೊಜ್ಜು. ವಯಸ್ಸಿಗೆ ತಕ್ಕಂತೆ ಈ ಗಡಿ ಬದಲಾಗುತ್ತದೆ, ಹಾಗಾಗಿ ಮಕ್ಕಳ ಡಾಕ್ಟರಿಗೆ ತೋರಿಸಿ. ಇನ್ನೂ ಸುಲಭದ ಲೆಕ್ಕ: ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಟೈಲರ್ ಟೇಪ್ ಸಾಕು.

ಸರಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ತಪಾಸಣೆ ಮಾಡುತ್ತದೆ. ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಗೆ ಕಳುಹಿಸುವವರು ತಾವೇ ನೆನಪಿಟ್ಟು ಮಾಡಿಸಬೇಕು.

ಇನ್ನು ಪರಿಹಾರ. ಮಗುವನ್ನು ಉಪವಾಸ ಕೆಡವಬೇಡಿ. ಬೆಳೆಯುವ ಮಗುವಿನ ತೂಕ ಇಳಿಸುವುದಕ್ಕಿಂತ, ಏರದಂತೆ ತಡೆದರೆ ಹೆಚ್ಚಿನವರಿಗೆ ಸಾಕು. ಎತ್ತರ ಬೆಳೆದಂತೆ ಸರಿಹೋಗುತ್ತದೆ. ಮೊದಲು ಬಾಟಲಿ ಪಾನೀಯ ನಿಲ್ಲಿಸಿ. 300 ಮಿ.ಲೀ. ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ, ಅಂದರೆ ಏಳು ಚಮಚದಷ್ಟು ಇರುತ್ತದೆ. ಎಂಟು ವರ್ಷದ ಮಗುವಿಗೆ ಇಡೀ ದಿನಕ್ಕೆ 20 ಗ್ರಾಂ ಒಳಗಿದ್ದರೆ ಒಳ್ಳೆಯದು. ಮದ್ರಸದಿಂದ ಬಂದ ಮೇಲೆ ಪತ್ತಿರಿ, ಮೀನು ಸಾರು, ಒಂದು ಮೊಟ್ಟೆ ಕೊಟ್ಟರೆ ಸಂಜೆ ಬೇಕರಿ ಕಡೆ ಕಣ್ಣು ಹೋಗುವುದು ಕಡಿಮೆಯಾಗುತ್ತದೆ. ಬಿರಿಯಾನಿ, ಸಮೋಸ ಮದುವೆ-ಹಬ್ಬಕ್ಕಿರಲಿ. ದಿನಕ್ಕೆ ಒಂದು ಗಂಟೆ ಮೈಬೆವರುವ ಆಟ ಬೇಕು. ಮಳೆ ಬಂದರೆ ಜಗಲಿಯಲ್ಲೇ ಸ್ಕಿಪ್ಪಿಂಗ್ ಆಡಲಿ, ಕಾಫಿ ಕಣದ ಶೆಡ್ ಇದ್ದರೆ ಅಲ್ಲಿ ಚೆಂಡಾಟ ಆಗಲಿ. ಹೆಣ್ಣುಮಕ್ಕಳಿಗೂ ಈ ಒಂದು ಗಂಟೆ ಅಷ್ಟೇ ಮುಖ್ಯ, ಅದನ್ನು ಮರೆಯಬೇಡಿ.

ಕೊನೆಯದಾಗಿ ಒಂದು ಮಾತು. ಮಗುವನ್ನು “ಡುಮ್ಮ”, “ಗುಂಡಿ” ಅಂತ ನೆಂಟರ ಮುಂದೆ ಕರೆಯಬೇಡಿ. ನಾಚಿಕೆಯಿಂದ ಮಗು ಸಣ್ಣಗಾಗುವುದಿಲ್ಲ, ಕದ್ದು ತಿನ್ನಲು ಕಲಿಯುತ್ತದೆ. ಊಟದ ತಟ್ಟೆ ಬದಲಾಗಬೇಕಾದರೆ ಇಡೀ ಮನೆಯದ್ದು ಬದಲಾಗಲಿ, ಉಪ್ಪನದ್ದೂ ಸೇರಿ!