ಸಿಡಿಯದ ತೋಟಾ

ಕದಂಬೇಶ್ವರನ ದರ್ಶನಕ್ಕೆಂದು ಕುಮುದ್ವತಿಯ ತೀರದ ರಟ್ಟೀಹಳ್ಳಿಗೆ ಬರುವ ಯಾತ್ರಿಕನು ಇದನ್ನು ಪ್ರಶಾಂತವಾದ ಊರೆಂದು ಬಗೆದು ಹಿಂದಿರುಗುವನಾದರೂ, 1764ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯವು ಹೈದರಾಲಿಯ ಸೈನ್ಯವನ್ನು ಪರಾಭವಗೊಳಿಸಿದುದು ಈ ಪ್ರದೇಶದಲ್ಲಿಯೇ. ಆ ಶತಮಾನದ ಬಂದೂಕುಗಳಲ್ಲಿ ಉರಿಯುವ ಬತ್ತಿಯಾಗಲಿ ಚಕಮಕಿ ಕಲ್ಲಿನ ಕಿಡಿಯಾಗಲಿ ಮೊದಲು ಹೊರಗಿನ ಬಟ್ಟಲಿನಲ್ಲಿಟ್ಟ ಚಿಟಿಕೆ ಮದ್ದನ್ನು ಹೊತ್ತಿಸಿ, ಆ ಜ್ವಾಲೆಯು ಸಣ್ಣ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟಬೇಕಾಗಿತ್ತು. ಒಂದು ಮಳೆಹನಿ ಬಿದ್ದರೂ ಸಾಕು, ವೀರನ ಕೈಯ ಬಂದೂಕು ಬರಿಯ ದೊಣ್ಣೆಯಾಗುತ್ತಿತ್ತು. ಬಂದೂಕಿನ ಚರಿತ್ರೆಯೆಂಬುದು ಬಹುಮಟ್ಟಿಗೆ ಈ ಕಿಡಿಯನ್ನು ನಂಬಿಕೆಗೆ ತಕ್ಕುದಾಗಿ ಮಾಡಿದ ಚರಿತ್ರೆಯೇ ಆಗಿದೆ.

1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಎಂಬವನು, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕದಿಂದ ಮದ್ದನ್ನು ಹೊತ್ತಿಸುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ನಮ್ಮ ಮಲೆನಾಡಿನವರು ಕೇಪಿನ ಕೋವಿಯೆಂದು ಕರೆಯುವುದು ಇದೇ ತತ್ತ್ವದ ಸಂತಾನ. 1845ರಲ್ಲಿ ಫ್ರಾನ್ಸಿನ ಫ್ಲೋಬೆರ್ ಎಂಬವನು ಪೆಟ್ಟಿಗೆ ಸಿಡಿಯುವ ಈ ಕೇಪನ್ನೂ ಗುಂಡನ್ನೂ ಒಂದಾಗಿ ಬೆಸೆದನು. ಆ ವಂಶದಲ್ಲಿಯೇ 1887ರಲ್ಲಿ ಹುಟ್ಟಿದ ‘.22 ಲಾಂಗ್ ರೈಫಲ್’ ತೋಟಾವು ಇಂದಿಗೂ ಜಗತ್ತಿನಾದ್ಯಂತ ಗುರಿಯಭ್ಯಾಸಕ್ಕೆ ಬಳಕೆಯಲ್ಲಿದೆ. ನಮ್ಮ ಕಾಲೇಜುಗಳ ಎನ್.ಸಿ.ಸಿ. ಹುಡುಗರು ನೆಲಕ್ಕೆ ಎದೆಯಾನಿಸಿ ಮಲಗಿ 25 ಗಜದಾಚೆಯ ಹಲಗೆಗೆ ಗುರಿಯಿಡುವುದು .22 ರೈಫಲಿನಿಂದಲೇ.

ಇಂಥ ಒಂದು ಖಾಲಿ ತೋಟಾವನ್ನು ಅಂಗೈಯಲ್ಲಿಟ್ಟು ನೋಡಿರಿ. ತೆಳುವಾದ ಹಿತ್ತಾಳೆಯ ಕೊಳವೆ. ಬುಡದಲ್ಲಿ ಸುಮಾರು 7 ಮಿಲಿಮೀಟರ್ ವ್ಯಾಸದ, ಒಂದು ಮಿಲಿಮೀಟರಿನಷ್ಟು ದಪ್ಪದ ಮಡಿಕೆಯಂಚು. ಸಿಡಿಮದ್ದು ಇರುವುದು ಈ ಅಂಚಿನ ಟೊಳ್ಳಿನಲ್ಲಿ. ಕಾರ್ಖಾನೆಯಲ್ಲಿ ಒದ್ದೆಯಾದ ಮಿಶ್ರಣವನ್ನು ಕೊಳವೆಯ ತಳಕ್ಕಿಟ್ಟು ಗಿರಗಿರನೆ ಸುತ್ತಿ ಸುತ್ತಲೂ ಹರಡುವರು. ಬಂದೂಕಿನ ಕುದುರೆಯು (ಹ್ಯಾಮರ್) ಬಡಿದಾಗ ಫೈರಿಂಗ್ ಪಿನ್ನು ಮುಂದಕ್ಕೆ ಚಿಮ್ಮಿ ಅಂಚನ್ನು ನಳಿಗೆಯ ಹಿಂಬದಿಯ ಬಾಯಿಗೆ ಒತ್ತಿ ಜಜ್ಜುತ್ತದೆ. ಕಮ್ಮಾರನ ಮಾತಿನಲ್ಲಿ ಹೇಳುವುದಾದರೆ ಪಿನ್ನು ಸುತ್ತಿಗೆ, ನಳಿಗೆಯ ಬಾಯಿಯಂಚು ಅಡಿಗಲ್ಲು. ಅಡಿಗಲ್ಲಿನ ಮೇಲೆ ಸರಿಯಾಗಿ ಕೂರದ ಕಬ್ಬಿಣಕ್ಕೆ ಎಷ್ಟು ಬಲವಾಗಿ ಹೊಡೆದರೂ ಆ ಪೆಟ್ಟು ವ್ಯರ್ಥವೆಂಬುದನ್ನು ಕುಲುಮೆಯ ಮುಂದೆ ಕುಳಿತವರೆಲ್ಲ ಬಲ್ಲರು.

ಅರೆಸ್ವಯಂಚಾಲಿತ ರೈಫಲಿನಲ್ಲಿ ಕೆಲವೊಮ್ಮೆ ಪಿನ್ನಿನ ಪೆಟ್ಟು ಹಗುರವಾಗಿ ತೋಟಾ ಸಿಡಿಯದಿರುವ ರಹಸ್ಯವೂ ಬಹಳ ಮಟ್ಟಿಗೆ ಇಲ್ಲಿಯೇ ಅಡಗಿದೆ. ನಳಿಗೆಯ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಕೈಯಿಂದ ಹಾಕುವ ಬಂದೂಕಿನಲ್ಲಿ ಅದು ಪೂರ್ತಿಯಾಗಿ ಮುಚ್ಚಿತೋ ಇಲ್ಲವೋ ಎಂಬುದು ಹಿಡಿದವನ ಬೆರಳಿಗೇ ತಿಳಿಯುತ್ತದೆ. ಅರೆಸ್ವಯಂಚಾಲಿತದಲ್ಲಾದರೋ ಹಿಂದಿನ ಗುಂಡಿನ ಒತ್ತಡವು ಬೋಲ್ಟನ್ನು ಹಿಂದಕ್ಕೆ ತಳ್ಳಿ, ಸ್ಪ್ರಿಂಗು ಅದನ್ನು ಮುಂದಕ್ಕೆ ದೂಡುವುದರಿಂದ, ಕೂದಲೆಳೆಯಷ್ಟು ಹಿಂದೆ ನಿಂತರೂ ಯಾರಿಗೂ ಅರಿವಾಗದು. ಸೀಸದ ಗುಂಡಿಗೆ ಸವರಿದ ಮೇಣ, ಸುಟ್ಟ ಮದ್ದಿನ ಮಸಿ, ಎಣ್ಣೆ ಇವು ತೋಟಾ ಕೂರುವ ಚೇಂಬರಿನಲ್ಲಿ ಹೆಪ್ಪುಗಟ್ಟಿ ತೋಟಾವು ಒಳಕ್ಕೆ ಪೂರ್ತಿ ಇಳಿಯದಿದ್ದರೆ, ಕುದುರೆಯ ಬಲವೆಲ್ಲ ಬೋಲ್ಟನ್ನೂ ತೋಟಾವನ್ನೂ ಮುಂದಕ್ಕೆ ದೂಡುವುದರಲ್ಲಿಯೇ ವ್ಯಯವಾಗುತ್ತದೆ. ಚುನಾವಣೆಯ ಕಾಲದಲ್ಲಿ ಪರವಾನಗಿಯ ಬಂದೂಕುಗಳನ್ನು ಠಾಣೆಯಲ್ಲಿ ಠೇವಣಿಯಿಡುವ ಪದ್ಧತಿ ನಮ್ಮಲ್ಲಿದೆಯಷ್ಟೆ; ಹೀಗೆ ತಿಂಗಳುಗಟ್ಟಲೆ ಬಳಕೆಯಿಲ್ಲದೆ ಉಳಿದ ಯಾವ ಬಂದೂಕಿನಲ್ಲಿಯಾದರೂ ಹಿಂದೆ ಧಾರಾಳವಾಗಿ ಸುರಿದ ಎಣ್ಣೆಯು ಪಿನ್ನಿನ ದಾರಿಯಲ್ಲಿ ಅಂಟಾಗಿ ಅದರ ವೇಗವನ್ನು ಕುಂದಿಸುವುದುಂಟು.

ಆದರೂ ಬಂದೂಕನ್ನು ದೂರುವ ಮುನ್ನ ತೋಟಾವನ್ನು ಪರೀಕ್ಷಿಸಬೇಕು. ಗುಂಡು ಹಾರದಿದ್ದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯತಕ್ಕದ್ದು. ಮದ್ದು ಒಳಗೆ ನಿಧಾನವಾಗಿ ಹೊತ್ತಿಕೊಂಡು ತಡವಾಗಿ ಸಿಡಿಯುವುದುಂಟು. ಆಮೇಲೆ ತೋಟಾವನ್ನು ಹೊರತೆಗೆದು ಅಂಚಿನ ಮೇಲಿನ ತಗ್ಗನ್ನು, ಸಿಡಿದ ತೋಟಾದ ತಗ್ಗಿನ ಪಕ್ಕದಲ್ಲಿಟ್ಟು ಹೋಲಿಸಬೇಕು. ತಗ್ಗು ಆಳವಾಗಿದ್ದೂ ಸಿಡಿಯದೆ, ಅದೇ ತೋಟಾವನ್ನು ತುಸು ತಿರುಗಿಸಿ ಹಾಕಿದಾಗ ಸಿಡಿದರೆ, ಮೊದಲು ಪೆಟ್ಟು ಬಿದ್ದ ಜಾಗದಲ್ಲಿ ಮಿಶ್ರಣವು ತಲುಪಿರಲಿಲ್ಲವೆಂದೇ ಊಹಿಸಬಹುದು, ದೋಷ ತೋಟಾದ್ದು. ತಗ್ಗು ಮೇಲ್ಮೈಯನ್ನು ಸವರಿದಷ್ಟೇ ಇದ್ದು, ಬೇರೆ ಬೇರೆ ಪೆಟ್ಟಿಗೆಯ ತೋಟಾಗಳಲ್ಲಿಯೂ ಹಾಗೆಯೇ ಕಂಡರೆ ದೋಷ ಬಂದೂಕಿನದು. ಅಂಚನ್ನು ಬಿಟ್ಟು ಒಳಗಡೆಗೆ ಬಿದ್ದ ಗುರುತು, ಪಿನ್ನು ಸರಿಯಾದ ಜಾಗಕ್ಕೆ ಬಡಿಯುತ್ತಿಲ್ಲವೆಂಬುದಕ್ಕೆ ಸಾಕ್ಷಿ.

ಚಿಕಿತ್ಸೆಯ ಕ್ರಮವೂ ಸರಳದಿಂದ ಕಠಿಣಕ್ಕೆ ಸಾಗಬೇಕು. ಬಂದೂಕು ಖಾಲಿಯಾಗಿದೆಯೆಂದು ಎರಡು ಬಾರಿ ನೋಡಿಕೊಂಡು, ಮೊದಲು ಚೇಂಬರನ್ನೂ ಬೋಲ್ಟಿನ ಮುಖವನ್ನೂ ಪಿನ್ನಿನ ದಾರಿಯನ್ನೂ ಉಜ್ಜಿ ಒಣಗಿಸಿ, ಎಣ್ಣೆಯನ್ನು ಬೆರಳಿಗಂಟುವಷ್ಟು ಮಾತ್ರ ಹಚ್ಚಬೇಕು. ಬಳಿಕ ತೋಟಾದ ತಯಾರಿಕೆಯನ್ನು ಬದಲಿಸಿ ನೋಡಬೇಕು. ಇಷ್ಟಕ್ಕೂ ಗುಣ ಕಾಣದಿದ್ದರೆ ಕುದುರೆಯ ಸ್ಪ್ರಿಂಗು ಸೋತಿರಬಹುದು, ಇಲ್ಲವೆ ಬೋಲ್ಟಿನ ಮುಖಕ್ಕೂ ನಳಿಗೆಯ ಬಾಯಿಗೂ ನಡುವಿನ ಸಂದು ಹಿಗ್ಗಿರಬಹುದು. ಅಲ್ಲಿಗೆ ಮಾಲಿಕನ ಕೆಲಸ ಮುಗಿಯಿತು. 1959ರ ಆಯುಧ ಕಾಯಿದೆಯ ಪ್ರಕಾರ ಬಂದೂಕಿನ ದುರಸ್ತಿಯ ಕಸುಬಿಗೆ ಪರವಾನಗಿ ಬೇಕು. ಊರಿನ ಲೇತ್ ಅಂಗಡಿಯಲ್ಲಿ ಪಿನ್ನನ್ನು ಅರದಿಂದ ತೀಡಿಸುವುದು ಅಪಾಯಕರವೂ ಹೌದು, ಅಪರಾಧವೂ ಹೌದು.

ಪರವಾನಗಿಯುಳ್ಳ ದುರಸ್ತಿಗಾರನ ಬಳಿಗೆ ಹೋಗುವಾಗ ಗುಂಡು ಹಾರಿಹೋದ ಖಾಲಿ ತೋಟಾಗಳನ್ನು ನಾಲ್ಕಾರು ಕಟ್ಟಿಕೊಂಡು ಹೋಗುವುದು ಲೇಸು. ಸಿಡಿಯದವುಗಳು ಇನ್ನೂ ಜೀವಂತವಾದವು. ಅವನ್ನು ಜೇಬಿಗಿಳಿಸದೆ ಬೇರೆಯಾಗಿ ಕಾಪಿಟ್ಟು, ಏನು ಮಾಡಬೇಕೆಂದು ಅವನನ್ನೇ ಕೇಳಬೇಕು. ಬಲ್ಲ ದುರಸ್ತಿಗಾರನು ಬಂದೂಕನ್ನು ಬಿಚ್ಚುವ ಮೊದಲು ಆ ಹಿತ್ತಾಳೆಯ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡುವನು.