ಮುಚ್ಚಿದ ಕಣ್ಣಿಗೆ ಕಾಣುವ ನೀಲಿ ಬೆಳಕು

ಮೆದುಳು, ಮೂಗಿನ ಹಿಂಭಾಗ ಅಥವಾ ಕಣ್ಣಿನ ಸುತ್ತಮುತ್ತಲಿನ ಗೆಡ್ಡೆಗೆ ವಿಕಿರಣ ಚಿಕಿತ್ಸೆ ಪಡೆಯುವ ಕೆಲವರಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಕಣ್ಣು ಮುಚ್ಚಿ ಮಲಗಿದ್ದರೂ, ಯಂತ್ರ ಚಾಲೂ ಆದೊಡನೆ ನೀಲಿ ಬೆಳಕು ಮಿಂಚಿದಂತೆ ಕಾಣುತ್ತದೆ. ನಮ್ಮ ಜನರು ಈ ಚಿಕಿತ್ಸೆಯನ್ನು ‘ಕರೆಂಟ್ ಕೊಡುವುದು’ ಎನ್ನುತ್ತಾರೆ. ಹೀಗಾಗಿ ಬೆಳಕು ಕಂಡವರಿಗೆ, ಕಣ್ಣಿಗೇ ಕರೆಂಟ್ ಹೊಡೆಯಿತೇನೋ, ದೃಷ್ಟಿ ಹೋಗುತ್ತದೇನೋ ಎಂಬ ಭಯ. ಈ ಭಯದಿಂದ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಗೆಡ್ಡೆ ಮತ್ತೆ ಬೆಳೆಯಬಹುದು. ಆದ್ದರಿಂದ ಇದೇನೆಂದು ತಿಳಿದಿರುವುದು ಒಳ್ಳೆಯದು.

ಬೆಳಕು ಎಲ್ಲಿಂದ ಬಂತು?

ಚಿಕಿತ್ಸೆಗೆ ಬಳಸುವ ಎಕ್ಸ್-ರೇ ಕಿರಣಗಳು ಕಣ್ಣಿಗೆ ಕಾಣುವುದಿಲ್ಲ. ಆದರೆ ಅವು ದೇಹವನ್ನು ಹೊಕ್ಕಾಗ ಅಲ್ಲಿನ ಇಲೆಕ್ಟ್ರಾನುಗಳನ್ನು ಭಾರಿ ವೇಗದಲ್ಲಿ ಚಿಮ್ಮಿಸುತ್ತವೆ. ಬೆಳಕಿನ ವೇಗ ನಿರ್ವಾತದಲ್ಲಿ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಅದನ್ನು ಯಾವುದೂ ಮೀರಲಾರದು. ಆದರೆ ನೀರಿನಲ್ಲಿ ಬೆಳಕು ಸುಮಾರು 2.25 ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ. ಕಣ್ಣುಗುಡ್ಡೆಯೊಳಗಿನ ಲೋಳೆಯಂಥ ದ್ರವವೂ ಬಹುಪಾಲು ನೀರೇ. ಅಲ್ಲಿ ಇಲೆಕ್ಟ್ರಾನು ಬೆಳಕನ್ನೇ ಹಿಂದೆ ಹಾಕಬಲ್ಲದು. ಕೆರೆಯಲ್ಲಿ ಅಲೆಗಳಿಗಿಂತ ವೇಗವಾಗಿ ಸಾಗುವ ದೋಣಿ ತನ್ನ ಹಿಂದೆ ಎರಡು ಬದಿಗೂ ದೊಡ್ಡ ಅಲೆ ಎಬ್ಬಿಸುತ್ತದಲ್ಲವೇ? ಹಾಗೆಯೇ ಇಲೆಕ್ಟ್ರಾನು ಬೆಳಕಿನ ಅಲೆ ಎಬ್ಬಿಸುತ್ತದೆ. ಅದರಲ್ಲಿ ನೀಲಿಯ ಪಾಲು ಹೆಚ್ಚು. ಗಾಳಿಯಲ್ಲಿ ಬೆಳಕಿನ ವೇಗ ಅಷ್ಟಾಗಿ ಕುಗ್ಗದ ಕಾರಣ ಅಲ್ಲಿ ಇದು ಸುಲಭವಾಗಿ ಹುಟ್ಟುವುದಿಲ್ಲ.

ರಷ್ಯದ ವಿಜ್ಞಾನಿ ಪಾವೆಲ್ ಚೆರೆಂಕೋವ್ 1934ರಲ್ಲಿ ಈ ಬೆಳಕನ್ನು ವರದಿ ಮಾಡಿದರು. 1958ರಲ್ಲಿ ಫ್ರಾಂಕ್ ಮತ್ತು ಟಾಮ್ ಅವರೊಡನೆ ನೊಬೆಲ್ ಬಹುಮಾನ ಪಡೆದರು. ಟ್ರಾಂಬೆಯಲ್ಲಿ 1956ರಲ್ಲಿ ಆರಂಭವಾದ ಪರಮಾಣು ರಿಯಾಕ್ಟರಿನ ನೀರಿನ ಕೊಳದಲ್ಲಿ ಹೊಳೆದದ್ದೂ ಇದೇ ಬೆಳಕು. ಅದರ ಚೆಲುವಿಗೆ ಒಪ್ಪುವಂತೆ ನೆಹರೂ ಆ ರಿಯಾಕ್ಟರಿಗೆ ‘ಅಪ್ಸರಾ’ ಎಂದು ಹೆಸರಿಟ್ಟರು. ರೋಗಿಗಳ ಕಣ್ಣಿನಲ್ಲಿ ಹುಟ್ಟುವ ಈ ಬೆಳಕನ್ನು ಅಮೆರಿಕದ ಡಾರ್ಟ್ಮತ್‌ನ ಸಂಶೋಧಕರು ಕ್ಯಾಮೆರಾದಲ್ಲಿ ಸೆರೆಹಿಡಿದು 2020ರಲ್ಲಿ ಪ್ರಕಟಿಸಿದರು. ಅಂದರೆ ರೋಗಿಗಳು ಹೇಳುತ್ತಿದ್ದುದು ಬರೀ ಭ್ರಮೆಯಲ್ಲ.

ಅಪಾಯವಿದೆಯೇ?

ಈ ಬೆಳಕು ಅತ್ಯಂತ ಮಂದ. ಅದರಿಂದ ಕಣ್ಣಿಗೆ ಹಾನಿಯಿಲ್ಲ. ಕಿರಣದ ಸ್ವಲ್ಪ ಭಾಗ ಕಣ್ಣನ್ನು ಹಾದುಹೋಗುತ್ತಿದೆ ಎಂದಷ್ಟೇ ಅದರ ಅರ್ಥ. ವಿಕಿರಣ ಹೆಚ್ಚಾದರೆ ಕಣ್ಣಿನಲ್ಲಿ ಪೊರೆ ಬರುವುದುಂಟು. ಆದ್ದರಿಂದಲೇ ಕಣ್ಣಿಗೆ ಎಷ್ಟು ತಾಗಬಹುದೆಂದು ವೈದ್ಯರು ಮೊದಲೇ ಲೆಕ್ಕ ಹಾಕಿರುತ್ತಾರೆ. ಯಂತ್ರ ನಿಂತೊಡನೆ ಕಿರಣವೂ ನಿಲ್ಲುತ್ತದೆ. ಹೊರಗಿನಿಂದ ಕೊಡುವ ಈ ಚಿಕಿತ್ಸೆಯ ನಂತರ ದೇಹದಲ್ಲಿ ವಿಕಿರಣ ಉಳಿಯುವುದಿಲ್ಲ. ಮನೆಗೆ ಹೋಗಿ ಮಕ್ಕಳನ್ನು ಎತ್ತಿಕೊಳ್ಳಬಹುದು.

ನೆನಪಿಡಿ

* ಬೆಳಕು ಕಂಡರೆ ಗಾಬರಿಯಿಂದ ತಲೆ ಅಲುಗಿಸಬೇಡಿ. ಅಲುಗಿದರೆ ಕಿರಣ ಗುರಿ ತಪ್ಪೀತು. ತೊಂದರೆಯೆನಿಸಿದರೆ ಸಿಬ್ಬಂದಿ ಹೇಳಿಕೊಟ್ಟಂತೆ ಸನ್ನೆ ಮಾಡಿ.

* ಕಂಡದ್ದನ್ನು ವೈದ್ಯರಿಗೆ ತಿಳಿಸಿ. ಚಿಕಿತ್ಸೆಯ ಒಂದು ದಿನವನ್ನೂ ತಪ್ಪಿಸಬೇಡಿ.

* ಚಿಕಿತ್ಸೆಯ ಹೊತ್ತಿನಲ್ಲಲ್ಲದೆ, ಮನೆಯಲ್ಲಿದ್ದಾಗ ಕಣ್ಣಿನಲ್ಲಿ ಮಿಂಚು ಕಂಡರೆ ಅದರ ಮಾತೇ ಬೇರೆ. ಜೊತೆಗೆ ಕಪ್ಪು ಚುಕ್ಕೆಗಳು ತೇಲಿದರೆ ಅಥವಾ ಪರದೆ ಇಳಿದಂತಾದರೆ ಅಕ್ಷಿಪಟಲ ಕಳಚುತ್ತಿರಬಹುದು. ಇದು ಯಾರಿಗಾದರೂ ಆಗಬಹುದು. ಅದೇ ದಿನ ನೇತ್ರತಜ್ಞರನ್ನು ಕಾಣಿ.